ಕಾಲು ಮುಂದಾಗಿಯೇ ಬರಲಿ ಎಂದವರು

ನನ್ನ ಎರಡನೇ ಬಸಿರಿನಲ್ಲಿ ಕೂಸು ತಲೆ ಮೇಲೆ, ಕಾಲು ಕೆಳಗೆ ಮಾಡಿಕೊಂಡು ಕೂತಿತ್ತು. ಎಂಟು ತಿಂಗಳಾಗಿತ್ತು. ಆಗ ನಿಜಾಮನ ಆಳ್ವಿಕೆ. ಕುಷ್ಟಗಿ ಕಡೆಯ ನಮ್ಮ ಹಳ್ಳಿಯಲ್ಲಿ ಡಾಕ್ಟರನ್ನು ಕಂಡವರಿರಲಿಲ್ಲ. ಇದ್ದವಳು ಸೂಲಗಿತ್ತಿ ಒಬ್ಬಳೇ. ಅವಳು ನನ್ನ ಹೊಟ್ಟೆ ಮುಟ್ಟಿ ನೋಡಿ ಅತ್ತೆಗೆ ಹೇಳಿದಳು:

“ಕೂಸು ಉಲ್ಟಾ ಐತಿ ಬೇ. ಈಗ ಎಣ್ಣಿ ಹಚ್ಚಿ ತಿರುಗಸ್ತೀನಿ. ತಡಾ ಆದ್ರ ತಿರುಗಾಕ ಜಾಗಾ ಇರೂದಿಲ್ಲ.”

ಅತ್ತೆ ಏನೆಂದಳು ಗೊತ್ತೆ? “ತಿರುಗಸಬ್ಯಾಡ. ಕಾಲು ಮುಂದಾಗೇ ಬರಲಿ.”

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದುಕೊಂಡ ಸೊಂಟ ಬಿಡುತ್ತದೆ ಅಂತ ನಮ್ಮ ಕಡೆ ನಂಬುತ್ತಾರೆ. ನನ್ನ ಮಾವನಿಗೆ ಬಿತ್ತನೆಯ ಕಾಲ ಬಂತೆಂದರೆ ಸೊಂಟ ಹಿಡಿಯುತ್ತಿತ್ತು. ಹಾಗೆ ಹುಟ್ಟಿದ ಹೆಂಗಸೊಬ್ಬಳು ಪಕ್ಕದ ಊರಲ್ಲಿದ್ದಳು. ಅವಳ ಅಂಗಳದಲ್ಲಿ ಬೋರಲು ಮಲಗಿ ಒದೆಸಿಕೊಂಡು ಬರಬೇಕು. ಅವಳೋ, ಬೇಕಂತಲೇ ಕಾಯಿಸುತ್ತಿದ್ದಳು. ಅತ್ತೆಗೆ ಒದೆಯುವ ಕಾಲು ಮನೆಯಲ್ಲೇ ಬೇಕಾಗಿತ್ತು.

“ನಾಳೆ ಮಂದಿ ನಮ್ಮ ಬಾಗಲಕ್ಕ ಬರ್ತಾರ” ಅಂದಳು.

“ತಲಿ ಸಿಕ್ಕೊಂಡ್ರ ತಾಯಿನೂ ಇಲ್ಲ, ಕೂಸೂ ಇಲ್ಲ. ಆಮ್ಯಾಲೆ ಯಾರ ಕಾಲಿಲೆ ಒದಿಸ್ಕೋತಿ?” ಸೂಲಗಿತ್ತಿ ಕೇಳಿದಳು.

“ಕೆಟ್ಟ ಬಾಯಿ ನಿಂದು. ನಡಿ ಹೊರಗ.”

ಗಂಡ ಅಲ್ಲೇ ಹಗ್ಗ ಹೊಸೆಯುತ್ತ ಕೂತಿದ್ದ. ಹೊಟ್ಟೆ ನನ್ನದು, ಸಾಯುವವಳು ನಾನು. ನನ್ನನ್ನು ಒಬ್ಬರೂ ಕೇಳಲಿಲ್ಲ. ಈಗ ನೆನೆದರೂ ಮೈ ಉರಿಯುತ್ತದೆ.

ಕನಕಗಿರಿ ಸಂತೆಯ ದಿನ ಮನೆಯವರೆಲ್ಲ ಬಂಡಿ ಕಟ್ಟಿಕೊಂಡು ಹೋದರು. ನಾನು ನೆಟ್ಟಗೆ ಸೂಲಗಿತ್ತಿಯ ಮನೆಗೆ ನಡೆದೆ. ಅವಳು ಔಡಲೆಣ್ಣೆ ಬೆಚ್ಚಗೆ ಮಾಡಿ ಹಚ್ಚಿದಳು. ಒಂದು ಕೈ ಕೂಸಿನ ತಲೆಗೆ, ಇನ್ನೊಂದು ಕುಂಡೆಗೆ ಕೊಟ್ಟು ಮೆಲ್ಲಗೆ ದೂಡಿದಳು. ನಾನು ಬಿಗಿ ಹಿಡಿದರೆ ನಿಲ್ಲಿಸುವಳು, ಉಸಿರು ಬಿಟ್ಟರೆ ಮತ್ತೆ ದೂಡುವಳು. ಸೆರಗು ಕಚ್ಚಿಕೊಂಡಿದ್ದೆ. ಒಳಗೆ ಕುಂಬಳಕಾಯಿ ಉರುಳಿದ ಹಾಗಾಯಿತು.

“ಬಂತು ನೋಡವ್ವ, ತಲಿ ಕೆಳಗ ಬಂತು” ಅಂದವಳೇ ಹಳೆ ಸೀರೆ ಹರಿದು ಹೊಟ್ಟೆಗೆ ಕಟ್ಟಿದಳು, ಕೂಸು ಮತ್ತೆ ತಿರುಗದ ಹಾಗೆ.

ದಿನ ತುಂಬಿ ಮಗಳು ಹುಟ್ಟಿದಳು, ತಲೆ ಮುಂದಾಗಿ. ಅತ್ತೆಗೆ ಎಲ್ಲ ತಿಳಿದುಹೋಯಿತು. ಕೂಸಿನ ಮುಖ ನೋಡಲಿಲ್ಲ, ಕಾಲು ನೋಡಿದಳು.

“ಮನೀಗೆ ಬರೋ ಭಾಗ್ಯಾನ ತಿರುಗಿಸಿ ಕಳಿಸಿದೆಲ್ಲ!”

“ನಾ ಜೀವಂತ ಅದೀನಿ, ಕೂಸೂ ಐತಿ. ಒದಿಬೇಕಂದ್ರ ನಾನ ಒದೀತೀನಿ, ಮಾವನ್ನ ಕರೀರಿ” ಅಂದೆ.

ಆ ಮಾತಿಗೆ ಬಾಣಂತನದ ತುಪ್ಪ ಬಂದ್ ಆಯಿತು. ಒಣ ರೊಟ್ಟಿ ತಿಂದೇ ಮಗಳಿಗೆ ಹಾಲು ಕುಡಿಸಿದೆ.