ಅತ್ತೆ ಒತ್ತಿದ ಮೂರು ಸ್ಟಾರ್

ಈಚೆಗೆ ನನ್ನ ಸ್ವಂತ ಸೋದರತ್ತೆ ನನಗೆ ಮೂರು ಸ್ಟಾರ್ ಕೊಟ್ಟಳು. ಐದಕ್ಕೆ ಮೂರು! ನನ್ನನ್ನು ಕಂಡರೆ ಆಗದವರೂ ನಾಲ್ಕು ಕೊಟ್ಟಿದ್ದಾರೆ.

ನಿಮಗೆ ಗೊತ್ತಲ್ಲ, ಈ ಅಂಕಣ ಬಿಟ್ಟರೆ ನನ್ನ ಕಸುಬು ಮಿಮಿಕ್ರಿ. ನಾರಾಯಣಪೇಟೆಯ ಬಸ್ ಕಂಡಕ್ಟರ್, ಮಕ್ತಲ್ ಸಂತೆಯ ಎಮ್ಮೆ ದಲ್ಲಾಳಿ, ಮೈಕ್ ಬಿಡದ ಲೀಡರ್, ಎಲ್ಲರ ದನಿಯನ್ನೂ ಕದಿಯುತ್ತೇನೆ. (ನನ್ನ ದನಿಯನ್ನು ಈವರೆಗೆ ಯಾರೂ ಕದ್ದಿಲ್ಲ. ಕದಿಯುವಂಥ ಮಾಲಲ್ಲ ಅನ್ನಿಸುತ್ತದೆ.)

ಇಂಟರ್‌ನೆಟ್ಟಿನಲ್ಲಿ ನನ್ನದೊಂದು ಪೇಜ್ ಇದೆ. ತುಂಬ ಐದೈದು ಸ್ಟಾರ್. ಐದು ಒತ್ತಿದವರೆಲ್ಲ ಗೆಳೆಯರು. 'ಸೂಪರ್ ಅಣ್ಣಾ', 'ಕಿರಾಕ್ ಅಣ್ಣಾ'. ಒಬ್ಬನಂತೂ ನನ್ನ ಪ್ರೋಗ್ರಾಂ ನೋಡಿಯೇ ಇಲ್ಲ. 'ಊಟ ಮಸ್ತ್ ಇತ್ತು' ಎಂದು ಬರೆದು ಐದು ಒತ್ತಿದ್ದಾನೆ.

ಈವರೆಗೆ ಪ್ರೋಗ್ರಾಂ ಕೊಟ್ಟದ್ದೆಲ್ಲ ನೆಂಟರ ಮದುವೆಗಳಲ್ಲಿ. ಹೊರಗಿನವರ ಕರೆ ಬಂದದ್ದು ಮೊದಲ ಸಲ, ಅದೂ ಕೋಸಗಿಯ ದೊಡ್ಡ ಮನೆತನದ ಮದುವೆಗೆ. 'ಪೇಜ್ ನೋಡಿ ಹೇಳ್ತೀವಿ' ಎಂದಿದ್ದರು. ಸರಿಯಾಗಿ ಅದೇ ವಾರ ಅತ್ತೆಯ ಬರಹ ಬಂತು:

'ದಲ್ಲಾಳಿ ಚಲೋ ಮಾಡ್ತಾನ. ಕಂಡಕ್ಟರ್ ನಡೀತೈತಿ. ಒಂದು ದನಿ ಬಿಟ್ಟು ಇನ್ನೊಂದು ಹಿಡಿಯೋ ಮುಂದ ನಡುವ ಇವಂದೇ ದನಿ ಇಣುಕ್ತೈತಿ. ಊಟದ ಹೊತ್ತಿಗೆ ನಿಲ್ಲಸಂಗಿಲ್ಲ.'

ಅತ್ತೆ ಗದ್ವಾಲದ ತನ್ನ ಸೀರೆ ಅಂಗಡಿಯಲ್ಲಿದ್ದಳು. ಫೋನ್ ಹಚ್ಚಿದೆ.

"ಅತ್ತೀ, ಮನಿ ಮಂದಿನೇ ಹಿಂಗ ಮಾಡಿದ್ರ ಹೆಂಗ? ಇನ್ನೆರಡು ಒತ್ತಬೇ!"

"ಯಾಕ ಒತ್ತಲಿ? ಸೀರಿ ತಗೊಳ್ಳಾಕ ಬಂದವ್ರು ಮೊದಲ ಏನು ನೋಡ್ತಾರಲೇ?"

"ಬಣ್ಣ."

"ನಿನ್ನ ತಲಿ! ಅಂಚು ಒಡಲಿಗೆ ಕೂಡೋ ಜಾಗ ಎಳದು ನೋಡ್ತಾರ. ನಿಂದು ಅಲ್ಲೇ ಸಡ್ಲ ಐತಿ."

"ಹಂಗಾದ್ರ ಮಾವಗ ಎಷ್ಟು ಕೊಡ್ತಿ?"

"ಎರಡೂವರಿ. ಅದಕ್ಕ ಇನ್ನೂ ಸುಧಾರಸಾಕ ಹತ್ಯಾನ."

ಫೋನ್ ಇಟ್ಟಳು. ಕೋಸಗಿ ಕೈತಪ್ಪಿತು ಎಂದುಕೊಂಡೆ.

ಅಲ್ಲ, ತಪ್ಪು ಯಾರದು? ಪಾರ್ಸೆಲ್ ತಂದವನು ಬಾಗಿಲಲ್ಲೇ ನಿಂತು 'ಐದು ಒತ್ತಿ ಸಾರ್' ಎನ್ನುತ್ತಾನೆ. ನಾಲ್ಕು ಒತ್ತಿದರೆ ಅವನ ಕೆಲಸಕ್ಕೇ ಕುತ್ತು. ಹೀಗೆ ಕರುಣೆಗೆ ಐದು, ದೋಸ್ತಿಗೆ ಐದು, ಪೀಡೆ ತೊಲಗಲಿ ಎಂದೂ ಐದು. ಹಾಗಾದರೆ ನಿಜಕ್ಕೂ ಚೆನ್ನಾಗಿ ಮಾಡಿದವನಿಗೆ ಏನು ಕೊಡುವುದು, ಚಂದ್ರನನ್ನೇ?

ನಮ್ಮ ಸೀಮೆಯವರು ಹಾಗಲ್ಲ. ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡು ತಿಂದು, ತುಪ್ಪ ನೆಕ್ಕಿ, ಕೈ ತೊಳೆದು, ಕೊನೆಗೆ 'ನಡೀತೈತಿ' ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ತೆಲಂಗಾಣ ರಾಜ್ಯ ಬಂದ ಮೇಲೂ ನಮ್ಮಲ್ಲಿ ಹುಟ್ಟಿಲ್ಲ. ಇದು ಜಿಪುಣತನವೇ? ನನಗಂತೂ ಹೆಮ್ಮೆ.

ಎರಡು ದಿನಕ್ಕೆ ಕೋಸಗಿಯಿಂದ ಮದುಮಗಳ ಅಜ್ಜನ ಫೋನ್ ಬಂತು.

"ಐದು ಕೊಟ್ಟವ್ರೆಲ್ಲ ನಿಮ್ಮ ದೋಸ್ತರೇನ್ರಿ?"

"ಹೌ... ಹೌದ್ರಿ."

"ಮೂರು ಕೊಟ್ಟವ್ರು?"

"ನಮ್ಮ ಅತ್ತಿರೀ."

ಆ ಕಡೆ ಗಹಗಹಿಸಿ ನಗು. "ಅವ್ರೊಬ್ರೇ ಪೂರಾ ಕುಂತು ನೋಡ್ಯಾರ ಬಿಡ್ರಿ! ದಲ್ಲಾಳಿ ಚಲೋ ಅಂದಾರಲ್ಲ, ಅಷ್ಟು ಸಾಕು, ಬರ್ರಿ. ಆದ್ರ ಊಟದ ಹೊತ್ತಿಗೆ ನಿಲ್ಲಸ್ರಿ."

ಮದುವೆಯ ದಿನದವರೆಗೂ ಕನ್ನಡಿ ಮುಂದೆ ದಲ್ಲಾಳಿಯಿಂದ ಕಂಡಕ್ಟರನಿಗೆ, ಕಂಡಕ್ಟರನಿಂದ ಲೀಡರನಿಗೆ ಜಿಗಿದದ್ದೇ ಜಿಗಿದದ್ದು. ನನಗೆ ದೆವ್ವ ಹೊಕ್ಕಿದೆಯೆಂದು ಅವ್ವ ನಿಂಬೆಹಣ್ಣು ನಿವಾಳಿಸಿದಳು. ಕೋಸಗಿಯಲ್ಲಿ ಮಾತ್ರ ನನ್ನ ದನಿ ಎಲ್ಲೂ ಇಣುಕಲಿಲ್ಲ. ಮಂದಿ ಹೊಟ್ಟೆ ಹಿಡಿದು ನಕ್ಕರು. ಅಜ್ಜ ನನ್ನಿಂದ ನಂಬರ್ ಇಸಿದುಕೊಂಡು ಅಲ್ಲೇ ಕೂತು ಅತ್ತೆಗೆ ವಿಡಿಯೊ ಕಳಿಸಿದರು.

ಮರುದಿನ ಪೇಜ್ ತೆರೆದು ನೋಡಿದೆ. ಅತ್ತೆ ಮೂರನ್ನು ನಾಲ್ಕು ಮಾಡಿದ್ದಳು! ಅದರ ಸ್ಕ್ರೀನ್‌ಶಾಟ್ ತೆಗೆದು ಊರಿಗೆಲ್ಲ ಕಳಿಸಿದ್ದೇನೆ. ಗೆಳೆಯರ ಐದನ್ನು ಯಾರಿಗೂ ತೋರಿಸಿದವನಲ್ಲ ನಾನು.

ಐದರಲ್ಲಿ ಒಂದು ಸ್ಟಾರ್ ಕೊಡದೆ ಹಿಡಿದಿಟ್ಟುಕೊಳ್ಳುವಷ್ಟು ಪೂರಾ ಕೂತು ನೋಡಿದವರು ನಿಮಗೆ ಯಾರಾದರೂ ಇದ್ದಾರಾ?