ಚೀಟಿಯ ಕೊನೆಯ ಸಾಲು

ಇಪ್ಪತ್ತೆರಡು ವರ್ಷದಿಂದ ಸ್ಕ್ಯಾನಿಂಗ್ ಕೋಣೆಯಲ್ಲಿ ನರ್ಸ್ ಆಗಿದ್ದವಳಿಗೆ ಎಲ್ಲರ ಬಾಯಲ್ಲೂ ಸೂಜಿ ಅಕ್ಕ ಎಂದೇ ಹೆಸರು. ಎಂಥ ಅಡಗಿದ ನರವೂ ಅವಳ ಬೆರಳಿಗೆ ಸಿಕ್ಕಿಬಿಡುತ್ತಿತ್ತು. “ಅಕ್ಕ ಚುಚ್ಚೋದು ನೋಡಿ ಸೊಳ್ಳೆಗೂ ನಾಚಿಕೆ ಆಗ್ಬೇಕು” ಎಂದು ಟೆಕ್ನಿಷಿಯನ್ ಛೇಡಿಸುತ್ತಿದ್ದ.

ಹೋದ ವರ್ಷ, ಬಟ್ಟೆ ಹೊಲಿಯುವ ಟೈಲರಮ್ಮ ಎಂಬ ರೋಗಿಗೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಆದಾಗ, ಚಿತ್ರ ನಿಚ್ಚಳವಾಗಿ ಬರಲೆಂದು ನರಕ್ಕೆ ಕೊಟ್ಟ ಔಷಧಿ ಒಗ್ಗದೆ ಮೈತುಂಬ ದದ್ದು ಎದ್ದಿತ್ತು. ಅದು ಅಯೋಡಿನ್ ಇರುವ ಔಷಧಿ. ಸೂಜಿ ಅಕ್ಕ ಫೈಲಿನ ಮೇಲೆ ‘ಅಯೋಡಿನ್ ಅಲರ್ಜಿ’ ಎಂದಷ್ಟೇ ಬರೆದಳು. ಆ ಕೋಣೆಯಲ್ಲಿ ಎಲ್ಲರೂ ಬರೆಯುತ್ತಿದ್ದುದು ಹಾಗೆಯೇ.

ಈಗ ಟೈಲರಮ್ಮನ ಯಕೃತ್ತಿನಲ್ಲಿ ಗಂಟೊಂದು ಕಂಡಿತ್ತು. ಅದೇನೆಂದು ತಿಳಿಯಲು ಎಂ.ಆರ್.ಐ. ಆಗಬೇಕಿತ್ತು.

“ಮತ್ತೆ ಅದೇ ಔಷಧಿನಾ ಸಿಸ್ಟರ್? ಮೀನಲ್ಲೂ ಅಯೋಡಿನ್ ಇರುತ್ತಂತೆ, ಅದಕ್ಕೆ ಹೆದರಿ ವರ್ಷದಿಂದ ಮೀನೇ ಮುಟ್ಟಿಲ್ಲ ನಾನು.”

“ಇದು ಬೇರೆ ಅಮ್ಮ. ಅಯೋಡಿನ್ ಸುಳಿವೇ ಇಲ್ಲ. ನಾನಿದ್ದೀನಲ್ಲ!”

“ನಮ್ಮಿಬ್ರದ್ದೂ ಸೂಜಿ ಕೆಲಸಾನೇ. ನನ್ನ ಬಟ್ಟೆ ಅಳಲ್ಲ, ಅಷ್ಟೇ” ಎಂದು ನಗುತ್ತ ಅವಳು ತೋಳು ಚಾಚಿದಳು.

ಔಷಧಿ ಹೋಗಿ ಎರಡು ನಿಮಿಷವಾಗಿರಲಿಲ್ಲ, ತುಟಿ ಊದಿತು, ಗಂಟಲು ಕಟ್ಟಿತು, ಬಿ.ಪಿ. ಕುಸಿಯಿತು. ಸೂಜಿ ಅಕ್ಕ ತೊಡೆಗೆ ಅಡ್ರಿನಾಲಿನ್ ಚುಚ್ಚಿದಳು. ಡಾಕ್ಟರು ಓಡಿ ಬಂದರು. ನಿಧಾನಕ್ಕೆ ಉಸಿರು ತಹಬಂದಿಗೆ ಬಂತು. ಸ್ಕ್ಯಾನ್ ನಿಂತುಹೋಯಿತು.

ಸೂಜಿ ಅಕ್ಕ ರಿಜಿಸ್ಟರ್ ತೆರೆದು ಹೋದ ವರ್ಷದ ಔಷಧಿಯ ಹೆಸರು ಹುಡುಕಿ, ಎರಡೂ ಡಬ್ಬಿಗಳ ಚೀಟಿಗಳನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಇಷ್ಟು ವರ್ಷ ಡೋಸಿನ ಕೆಳಗೆ ಅವಳ ಕಣ್ಣು ಇಳಿದದ್ದೇ ಇಲ್ಲ. ಕೊನೆಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ಔಷಧಿ ಕೆಡದಿರಲೆಂದು ಬೆರೆಸಿದ ವಸ್ತುಗಳ ಹೆಸರು. ಎರಡರಲ್ಲೂ ಟ್ರೊಮೆಟಮಾಲ್.

“ಇದೇ ಇರಬಹುದು” ಎಂದರು ಡಾಕ್ಟರು. “ಚರ್ಮದ ಪರೀಕ್ಷೆ ಮಾಡದೆ ಹೇಳೋಕಾಗಲ್ಲ. ಫೈಲಲ್ಲಿ ಔಷಧಿ ಹೆಸರು ಬರೆದಿದ್ರೆ ಮೊದಲೇ ನೋಡ್ತಿದ್ವಿ.”

ಅವಳು ವಾರ್ಡಿಗೆ ಹೋಗಿ ಮಂಚದ ಪಕ್ಕ ನಿಂತಳು.

“ಅಮ್ಮ, ನಾನು ಬರೆದದ್ದು ತಪ್ಪು. ಅಯೋಡಿನ್ ಅಲ್ಲ ಅನ್ಸುತ್ತೆ. ಎರಡು ಔಷಧೀಲೂ ಇರೋ ಬೇರೆ ಏನೋ.”

ಟೈಲರಮ್ಮ ಊದಿದ ತುಟಿಯಲ್ಲೇ ನಕ್ಕಳು. “ಪಾಪ, ಮೀನಿನ ಮೇಲೆ ಸುಮ್ನೆ ಗೂಬೆ ಕೂರಿಸಿದ್ರಿ.” ಆಮೇಲೆ ನಗು ಆರಿತು. “ಆ ಗಂಟು ಏನೂಂತ ಇನ್ನೂ ಗೊತ್ತಾಗ್ಲಿಲ್ಲ, ಅಲ್ವಾ?”

“ಇಲ್ಲ.”

“ಆ ಹಾಳಾದ್ದು ಇಲ್ದಿರೋ ಔಷಧಿ ನಿಮ್ಮ ಹತ್ರ ಇದೆಯಾ?”

ಸೂಜಿ ಅಕ್ಕನಿಗೆ ಗೊತ್ತಿರಲಿಲ್ಲ. ಕೆಳಗಿಳಿದು ಬಂದು ಕಪಾಟು ತೆರೆದು, ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರುವಿ ಕುಳಿತಳು. ಮೂರನೆಯ ಚೀಟಿಯಲ್ಲೂ ಆ ಹೆಸರಿತ್ತು. ನಾಲ್ಕನೆಯದನ್ನು ಬಿಡಿಸಿದಳು.