ಹಸಿರು ಬಾಗಿಲಿನ ತವರು

ಹರಿಹರಕ್ಕೆ ಕೊಟ್ಟ ನನ್ನ ಅಕ್ಕ ತವರಿಗೆ ಬರುತ್ತಿದ್ದದ್ದು ಮೊಬೈಲ್ ಆಟದಲ್ಲಿ ಮಾತ್ರ. ನಗಬೇಡಿ. ನೆಂಟರ ಮದುವೆಯ ಊಟದ ಪಂಕ್ತಿಯಲ್ಲಿ ಅಪ್ಪನಿಗೂ ಭಾವನಿಗೂ ಮಾತಿಗೆ ಮಾತು ಬೆಳೆದು, "ಇನ್ನ ಆ ಮನಿಯೋರು ನನ್ನ ಹೊಸ್ಲು ತುಳಿಯಾದು ಬ್ಯಾಡ" ಎಂದು ಅಪ್ಪ ಅಂದುಬಿಟ್ಟಿದ್ದರು. ಮದುವೆಗೆಂದು ಬಂದು ನಮ್ಮಲ್ಲೇ ಉಳಿದಿದ್ದ ಅಕ್ಕ ಮನೆಗೂ ಬಾರದೆ, ಛತ್ರದಿಂದಲೇ ಬರಿಗೈಯಲ್ಲಿ ಗಂಡನ ಹಿಂದೆ ಹೊರಟಳು. ಬಸ್ಸು ಹತ್ತಿ ಶೇಂಗಾ ಪೊಟ್ಟಣ ಮುಗಿಸುವುದರೊಳಗೆ ಸಿಗುವ ಊರು, ಅವತ್ತಿನಿಂದ ದೂರವಾಯಿತು.

ಆ ಆಟದಲ್ಲಿ ಊರು ಕಟ್ಟಬೇಕು, ಬೆಳೆ ತೆಗೆಯಬೇಕು. ಅಕ್ಕನ ಮದುವೆಗೆ ಮುಂಚಿನಿಂದಲೂ ಇಬ್ಬರೂ ಆಡುತ್ತಿದ್ದೆವು. ನನ್ನ ಊರಿನಲ್ಲಿ ವಿನೋಬನಗರದ ನಮ್ಮ ಮನೆಯಂಥದೇ ಮನೆ ಕಟ್ಟಿ, ಬಾಗಿಲಿಗೆ ಅದೇ ಹಸಿರು ಬಣ್ಣ ಹೊಡೆದಿದ್ದೆ. ಭಾನುವಾರ ಮಧ್ಯಾಹ್ನ ಆಟದೊಳಗಿನ ಅಕ್ಕನ ಗೊಂಬೆ ಅಲ್ಲಿಗೆ ಬರುತ್ತಿತ್ತು. ಕಟ್ಟೆಯ ಮೇಲೆ ಕೂತು, ಟೈಪ್ ಮಾಡಿಕೊಂಡೇ ಹರಟುತ್ತಿದ್ದೆವು. ಹೊರಡುವಾಗ ಅವಳ ಚೀಲಕ್ಕೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕುತ್ತಿದ್ದೆ. ತವರಿನಿಂದ ಹೊರಟ ಮಗಳನ್ನು ಉಡಿ ತುಂಬದೆ ಕಳಿಸುವುದುಂಟೆ? ಅವ್ವ ತೀರಿಕೊಂಡ ಮೇಲೆ ಆ ಕೆಲಸ ನನ್ನದಾಗಿತ್ತು.

ಆಟ ನಡೆಸುವವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು. ಆಟ ನಡುನಡುವೆ ನಿಂತುಹೋಗುತ್ತದೆ, ಸರಿಮಾಡಿ ಎಂದು ಆಡುವವರೆಲ್ಲ ವರ್ಷಗಟ್ಟಲೆ ಬರೆದೆವು. ಅವರು ಕೋಳಿಗಳಿಗೆ ಟೋಪಿ ತಂದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಬೈದುಕೊಂಡೇ ಆಡಿದೆವು.

ಹೋದ ತಿಂಗಳು ಒಂದು ಭಾನುವಾರ ಅಕ್ಕ ಹೊರಟು ನಿಂತಾಗ ನೋಡುತ್ತೇನೆ, ಕೊಡುವ ಗುಂಡಿಯೇ ಇಲ್ಲ. ಆ ಜಾಗದಲ್ಲಿ ಒಂದು ಪ್ರಕಟಣೆ. ಒಬ್ಬರೇ ಕೊಡುತ್ತ ಇನ್ನೊಬ್ಬರೇ ಪಡೆಯುತ್ತ ಹೋಗುವುದು ಮೋಸವಂತೆ, ಆದ್ದರಿಂದ ಉಡುಗೊರೆ ಬಂದ್. ನಾಳೆಯಿಂದ ಒಬ್ಬರ ಊರಿಗೆ ಇನ್ನೊಬ್ಬರು ಹೋಗುವಂತೆಯೂ ಇಲ್ಲ. ಎಲ್ಲ ಆಟಗಾರರ ಹಿತಕ್ಕಾಗಿಯಂತೆ. ಉಡಿ ತುಂಬುವುದನ್ನು ಮೋಸ ಅಂದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಗೊಂಬೆ ಸೆರಗೊಡ್ಡಿದವಳಂತೆ ಬಾಗಿಲಲ್ಲಿ ನಿಂತೇ ಇತ್ತು. "ಇರ್ಲಿ ಬಿಡೇ, ಬರ್ತೀನಿ" ಎಂದು ಅಕ್ಕ ಟೈಪ್ ಮಾಡಿದಳು. ಹೋದಳು. ನಾನು ಗೊಳೋ ಎಂದು ಅತ್ತೆ.

ಒಳಗೆ ಮಲಗಿದ್ದ ಅಪ್ಪ ಎದ್ದು ಬಂದರು. "ಯಾಕವ್ವ, ಏನಾತು?"

ಮುಚ್ಚಿಡುವ ತ್ರಾಣ ಇರಲಿಲ್ಲ. ಅಕ್ಕ ಇಷ್ಟು ವರ್ಷ ಬಂದುಹೋಗುತ್ತಿದ್ದದ್ದು, ಈಗ ಆಟದವರು ದಾರಿ ಮುಚ್ಚಿದ್ದು, ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ. ಅಪ್ಪ ಮೊಬೈಲ್ ಇಸಿದುಕೊಂಡು ಆ ಹಸಿರು ಬಾಗಿಲನ್ನು ಬಹಳ ಹೊತ್ತು ನೋಡಿದರು.

"ಹೋಗೋವಾಗ ಉಡಿ ತುಂಬಿದ್ಯೇನವ್ವ?"

"ಇಲ್ಲಪ್ಪ. ಆಗ್ಲಿಲ್ಲ."

ಅಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತರು. "ಎರಡ್ನೇ ಸಲ ಬರೇ ಉಡೀಲೆ ಹೋದ್ಲಲ್ಲ" ಎಂದರು.

ಮೊದಲನೆಯದನ್ನು ಅವರು ಮರೆತಿದ್ದಾರೆ ಎಂದೇ ನಾನು ತಿಳಿದಿದ್ದೆ.